ದುರುಗವ್ವನ ಹಸಿರು ಬಿಲ್ಲೆ

ಇರಕಲ್ಲಗಡದ ದುರುಗವ್ವ ತನ್ನ ದೇವರ ಜಗಲಿಯ ಮೇಲಿನ ಬಿಲ್ಲೆಯನ್ನು ಓದಿ ನೋಡಲೆಂದು ವಿರೂಪಾಕ್ಷಪ್ಪನ ಕೈಗೆ ಕೊಡುವಾಗ ಎರಡೇ ಮಾತು ಹೇಳಿದ್ದಳು. ನೀರು ಬಿಟ್ಟು ಬೇರೇನನ್ನೂ ಅದಕ್ಕೆ ಹಚ್ಚಬಾರದು. ಅಮಾವಾಸ್ಯೆಯೊಳಗೆ ಅದು ಜಗಲಿಗೆ ಬರಬೇಕು. ಅವಳಿಗೆ ಅವಳ ಅತ್ತೆ ಹಾಗೆ ಹೇಳಿದ್ದಳು, ಅತ್ತೆಗೆ ಅವಳ ಅತ್ತೆ. ಯಾವ ಕಾಲದಲ್ಲೋ ಹೊಲದಲ್ಲಿ ರಂಟೆ ಹೊಡೆಯುವಾಗ ಸಿಕ್ಕಿದ್ದಂತೆ. ಓಣಿಯ ಕೂಸುಗಳಿಗೆ ಜ್ವರ ಬಂದರೆ ಅದನ್ನು ಅದ್ದಿದ ನೀರು ಕುಡಿಸುತ್ತಿದ್ದರು. ವಿರೂಪಾಕ್ಷಪ್ಪ ಗಂಭೀರವಾಗಿ ಆಣೆ ಇಟ್ಟ. ಒಳಗೊಳಗೇ ನಕ್ಕಿದ್ದ.

ಅವನು ಕೊಪ್ಪಳದ ವಕೀಲರೊಬ್ಬರ ಹತ್ತಿರ ನಕಲು ಬರೆಯುವ ಗುಮಾಸ್ತ. ಹಗಲೆಲ್ಲ ಉರ್ದು ಕಾಗದ, ಸಂಜೆಯಾದರೆ ರಾತ್ರಿ ಸಾಲೆಯಲ್ಲಿ ಇಂಗ್ಲಿಷು. ಹಳೆಯ ನಾಣ್ಯ ಕೂಡಿಸುವುದೊಂದೇ ಅವನ ಹುಚ್ಚು. ತನ್ನ ಓದು ಅರೆಬರೆ ಎಂಬ ಅಳುಕು ಇದ್ದವನು. ಯಾವ ನಾಣ್ಯಕ್ಕೂ ನಾಲ್ಕು ಸಲ ನೋಡದೆ ಹೆಸರು ಬರೆಯುತ್ತಿರಲಿಲ್ಲ.

ಈ ಬಿಲ್ಲೆ ಹೈದರಾಬಾದ್ ಸರಕಾರದ ಹಾಲಿ ರೂಪಾಯಿಗಿಂತ ತುಸು ಅಗಲ, ಪಾಚಿಯಂಥ ಹಸಿರು. ಒಂದು ಮೈಯಲ್ಲಿ ಎಲೆಯ ದಂಡೆ ಕಟ್ಟಿಕೊಂಡ ರಾಜನ ತಲೆ, ಇನ್ನೊಂದರಲ್ಲಿ ಮೊಳಕೈ ಊರಿ ಒರಗಿಕೊಂಡ ಗಡ್ಡದವನು. ಸುತ್ತ ಇಂಗ್ಲಿಷಿನಂತೆ ಕಂಡರೂ ಇಂಗ್ಲಿಷಲ್ಲದ ಅಕ್ಷರ. ರಾತ್ರಿ ಸಾಲೆಯ ಮಾಸ್ತರರಿಂದ ಪುಸ್ತಕ ಎರವಲು ತಂದು ಹತ್ತು ದಿನ ತಡಕಾಡಿದ ಮೇಲೆ ತಿಳಿಯಿತು. ರೋಮಿನವರ ಕೈಕೆಳಗಿದ್ದ ದೂರದ ಸೀಮೆಗಳು ತಮ್ಮ ತಮ್ಮ ಪಟ್ಟಣಗಳಲ್ಲೇ ಗ್ರೀಕ್ ಅಕ್ಷರದ ನಾಣ್ಯ ಹೊಡೆಸುತ್ತಿದ್ದವು. ಇದು ಈಜಿಪ್ಟಿನದು, ಒರಗಿದವನು ಅಲ್ಲಿಯ ನೈಲ್ ನದಿಯ ದೇವರು. ಅವನ ಪಕ್ಕ ‘ವರ್ಷ’ ಎಂಬುದರ ಗುರುತು, ಅದರ ಮುಂದೆ ರಾಜನ ಆಳಿಕೆಯ ಎಷ್ಟನೆಯ ವರ್ಷವೆಂದು ಹೇಳುವ ಒಂದೇ ಒಂದು ಅಕ್ಷರ. ರಾಜನ ಹೆಸರು ಸವೆದಿದ್ದರಿಂದ ಅವನು ಯಾರೆಂದು ಹೇಳಬೇಕಾದದ್ದು ಆ ಅಕ್ಷರವೇ, ಅದರ ಮೇಲೇ ಹಸಿರು ಹಕ್ಕಳೆ ಕೂತಿತ್ತು.

ಹೈದರಾಬಾದಿನ ಪಂಡಿತರೊಬ್ಬರಿಗೆ ಬರೆದಿದ್ದಕ್ಕೆ ಉತ್ತರವೂ ಬಂತು. ವರ್ಷ ಓದಿ ಅರಗಿನ ಅಚ್ಚು ಕಳಿಸಿದರೆ ನಿಮ್ಮ ಹೆಸರಿನಿಂದಲೇ ಪ್ರಕಟಿಸೋಣ ಎಂದಿದ್ದರು. ‘ನಿಮ್ಮ ಹೆಸರಿನಿಂದಲೇ’ ಎಂಬಲ್ಲಿ ಕಾಗದ ಮಡಿಕೆ ಬಿದ್ದು ಸವೆಯುವಷ್ಟು ಸಲ ಅವನು ಅದನ್ನು ಬಿಚ್ಚಿ ಓದಿದ.

ಶುಕ್ರವಾರ ಕಚೇರಿಗೆ ರಜೆ. ಹೆಂಡತಿ ಕಳಕಮ್ಮನ ಹತ್ತಿರ ಒಂದಿಷ್ಟು ಹುಣಸೆಹಣ್ಣು ಕೇಳಿದ. “ಯಾರ ಮನಿ ದೇವ್ರ ಮಾರಿ ತೊಳ್ಯಾಕ ನನ್ನ ಹುಣಸಿಹಣ್ಣ ಬೇಕಾತು?” ಎಂದು ಅವಳು ನಗೆಯಾಡಿ ಕೊಟ್ಟಳು. ಮನೆಯ ತಂಬಿಗೆಗಳೆಲ್ಲ ಹುಣಸೆ, ಬೂದಿಯಲ್ಲೇ ಬೆಳಗುವಾಗ ಈ ಮೂಲೆಯೊಂದಕ್ಕೆ ಏನಾದೀತು ಎಂದುಕೊಂಡ. ಹಚ್ಚಿದ, ತಿಕ್ಕಿದ. ಹಕ್ಕಳೆ ಎದ್ದು ಬಂತು. ಕೆಳಗೆ ಅಕ್ಷರವಿರಲಿಲ್ಲ, ತೂತು ತೂತು ತಾಮ್ರವಿತ್ತು. ಇನ್ನೂ ಕೆಳಗಿರಬಹುದೆಂದು ಬೂದಿ ಹಾಕಿ ಮತ್ತೆ ತಿಕ್ಕಿದ, ಹೆಸರಾದರೂ ಎದ್ದೀತೆಂದು ಇನ್ನೊಂದು ಮೈಯನ್ನೂ ತಿಕ್ಕಿದ. ಊಟದ ಹೊತ್ತಿಗೆ ಬಿಲ್ಲೆ ಹೊಸ ತಂಬಿಗೆಯಂತೆ ಹೊಳೆಯುತ್ತಿತ್ತು. ರಾಜನ ಮುಖವೂ ಇಲ್ಲ, ಗಡ್ಡದವನೂ ಇಲ್ಲ. ತಾನು ಕೊಳೆ ಎಂದುಕೊಂಡದ್ದರಲ್ಲೇ ಬರಹ ಉಳಿದಿತ್ತು. ಒಳಗಿನ ಲೋಹವನ್ನು ಮಣ್ಣು ಎಂದೋ ತಿಂದಿತ್ತು.

ತಪ್ಪು ಮಾಡಿದವನು ಅಲ್ಲಿಗೆ ನಿಂತನೇ? ಉಪ್ಪು ಮಜ್ಜಿಗೆಯಲ್ಲಿ ಅದ್ದಿದ ಅರಿವೆಯಲ್ಲಿ ಸುತ್ತಿ ಐದು ದಿನ ಇಟ್ಟ. ಒಂದು ಬಗೆಯ ಹಸಿರು ಬಂತು. ಅಮಾವಾಸ್ಯೆಯ ಹಿಂದಿನ ದಿನ ಬಾಡಿಗೆ ಸೈಕಲ್ ತುಳಿದು ಇರಕಲ್ಲಗಡಕ್ಕೆ ಹೋದ.

ದುರುಗವ್ವ ಬಿಲ್ಲೆಯನ್ನು ಬಟ್ಟಲ ನೀರಿನಲ್ಲಿ ಅದ್ದಿ, ವಾಡಿಕೆಯಂತೆ ಹೆಬ್ಬೆರಳು ಆಡಿಸಿದಳು. ಬೆರಳು ನಿಂತಿತು. ನೀರು ಹಸಿರಾಯಿತು.

“ಇದು ನಂದಲ್ರಿ,” ಎಂದಳು.

ಬಿಲ್ಲೆಯನ್ನು ಬಟ್ಟಲಿನಿಂದ ತೆಗೆದು ಅವನ ಮುಂದೆ ಹಿಡಿದಳು.

“ಚಂದ ಇತ್ತು, ಮನಸಾತು, ಇಟ್ಗೊಂಡ್ರಿ. ಬದ್ಲಿ ಯಾಕ ತಂದ್ರಿ? ಹೇಳಿದ್ರ ನಾನೇನ ಅಂತಿದ್ದೆ?”

ಸುಮ್ಮನಿದ್ದರೆ ಕಳ್ಳನಾಗುತ್ತಿದ್ದ. ಒಂದು ಗಳಿಗೆ ಅದೇ ಹಗುರವೆನಿಸಿತು. ಅಷ್ಟು ನಾಚಿಕೆಯಾಗಿತ್ತು ಅವನಿಗೆ. ಆಮೇಲೆ ನೆಲ ನೋಡುತ್ತ ಎಲ್ಲ ಹೇಳಿದ. ಹುಣಸೆಹಣ್ಣು, ಬೂದಿ, ಹೈದರಾಬಾದಿನ ಕಾಗದ, ಮಜ್ಜಿಗೆಯ ಅರಿವೆ, ಒಂದನ್ನೂ ಬಿಡಲಿಲ್ಲ.

ದುರುಗವ್ವ ಬಹಳ ಹೊತ್ತು ಬಿಲ್ಲೆಯನ್ನು ಮಗುಚಿ ಮಗುಚಿ ನೋಡಿದಳು.

“ಕದ್ದಿದ್ರ ಛಲೋ ಇತ್ತಲ್ರಿ,” ಎಂದಳು. “ಎಲ್ಲ್ಯಾರ ಇರತಿತ್ತು.”

ಅವಳೇ ಮತ್ತೆ ಕೇಳಿದಳು, “ಹೋಗ್ಲಿ, ಯಾವ ರಾಜಂದು ಅಂತಾದ್ರೂ ಗೊತ್ತಾತೇನ್ರಿ?”

ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿ ಅವಳಿಗೆ ತಿಳಿಯಬೇಕಾಗಿತ್ತು. ಪುಸ್ತಕದಲ್ಲಿ ಓದಿದ ಮೂರು ನಾಲ್ಕು ರಾಜರ ಹೆಸರು ಅವನ ನಾಲಿಗೆಯ ತುದಿಯಲ್ಲಿದ್ದವು. ಯಾವುದನ್ನು ಹೇಳಿದ್ದರೂ ಅವಳು ನಂಬುತ್ತಿದ್ದಳು.

“ಇಲ್ಲವ್ವಾ,” ಎಂದ. “ಗೊತ್ತಾಗಲಿಲ್ಲ. ಇನ್ನ ಗೊತ್ತಾಗೂದೂ ಇಲ್ಲ.”

ಅವಳು ಬಿಲ್ಲೆಯನ್ನು ಸೆರಗಿನಲ್ಲಿ ಒರೆಸಿ ಅವನ ಅಂಗೈಯಲ್ಲಿ ಇಟ್ಟಳು. “ನೀವ ಒಯ್ರಿ. ಇದನ್ನ ಪೂಜಿ ಮಾಡಾಕ ಬರಂಗಿಲ್ಲ.”

ಮೊದಲ ದಿನ ನೋಡಿದಾಗಿನಿಂದ ಅದು ತನ್ನದಾಗಲಿ ಎಂದು ಅವನು ಆಸೆಪಟ್ಟಿದ್ದುಂಟು. ಬೇಡವೆನ್ನಲು ಬಾಯಿ ತೆರೆದ. ದುರುಗವ್ವ ಆಗಲೇ ಅತ್ತ ತಿರುಗಿ, ಜಗಲಿಯ ಮೇಲಿನ ಉಳಿದ ದೇವರುಗಳನ್ನು ಒಂದಕ್ಕೊಂದು ಹತ್ತಿರ ಸರಿಸಿ, ನಡುವಿನ ಖಾಲಿ ಜಾಗ ಮುಚ್ಚುತ್ತಿದ್ದಳು.