ಬೇಡುವವರು

ಐಲ್ಸಾ ಅವರ ಕಣ್ಣು ಮಂಜಾದ ಮೇಲೆ ವಸಂತಲಕ್ಷ್ಮಿಯೇ ಅವರ ಕಣ್ಣು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕಡಲಾಚೆಯ ಈ ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ವಿಶ್ವವಿದ್ಯಾಲಯದಲ್ಲಿ ಆಯುಷ್ಯವೆಲ್ಲ ಭಾಷಾಚರಿತ್ರೆ ಕಲಿಸಿ ನಿವೃತ್ತರಾದ ಮುದುಕಿ ಆಕೆ. ಕಂಪ್ಯೂಟರಿನ ಓದುವ ದನಿಗೆ ಹಳೆಯ ಸ್ಕಾಟ್ಸ್ ಕಾಗುಣಿತ ದಕ್ಕುತ್ತಿರಲಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ವಸಂತಲಕ್ಷ್ಮಿಯ ನಾಲಿಗೆಗೆ ದಕ್ಕಿತು. ಗಂಡ ಶಿವಕುಮಾರನ ಕೆಲಸದ ಹಿಂದೆ ಪರದೇಶಕ್ಕೆ ಬಂದು, ನಗರದಾಚೆ ಡುವಾಲಿನ ಮನೆಯಲ್ಲಿ ಹೊಲಗಳನ್ನು ನೋಡುತ್ತ ಕೂತಿದ್ದವಳಿಗೆ ಈ ಓದುವ ಕೆಲಸ ಸಿಕ್ಕಿದ್ದು ಮರುಹುಟ್ಟಿನಂತಾಗಿತ್ತು. ರೆಡ್ಮಂಡಿನವರೆಗೆ ಗಂಡನ ಕಾರು, ಅಲ್ಲಿಂದ ಬಸ್ಸು. ಸಂಬಳ ಕೊಡುತ್ತಿದ್ದರೂ ಐಲ್ಸಾ ಅವಳನ್ನು ಮನೆಯವಳಂತೆಯೇ ನೋಡಿಕೊಳ್ಳುತ್ತಿದ್ದರು. ಬಾಗಿಲು ತೆರೆದ ಸದ್ದಿಗೇ, "ಲಕ್ಷ್ಮಿ, ಇವತ್ತು ಯಾವ ಪದ?" ಎನ್ನುತ್ತಿದ್ದರು.

ಆ ಚಳಿಗಾಲದಲ್ಲಿ ಇಬ್ಬರೂ ಹಿಡಿದಿದ್ದ ಪದ 'ಬೀಡ್‌ಮನ್'. 'ಬೀಡ್' ಎಂದರೆ ಮೊದಲು ಪ್ರಾರ್ಥನೆ. ಎಣಿಸುವ ಮಣಿಗೆ ಆ ಹೆಸರು ಬಂದದ್ದು ಆಮೇಲೆ. ಬೀಡ್‌ಮನ್ ಅಂದರೆ ಇನ್ನೊಬ್ಬರ ಪರವಾಗಿ ಪ್ರಾರ್ಥಿಸುವವನು. ಶ್ರೀಮಂತರು ತಮ್ಮ ಆತ್ಮದ ಸಲುವಾಗಿ ಬಡ ಮುದುಕರಿಗೆ ಅನ್ನ, ಬಟ್ಟೆ, ಸೂರು ಕೊಟ್ಟು ಇಟ್ಟುಕೊಳ್ಳುತ್ತಿದ್ದರು. ಅವರ ಕೆಲಸ ಧಣಿಗಾಗಿ ದೇವರಲ್ಲಿ ಮೊರೆಯಿಡುವುದು. ಕಾಲ ಉರುಳಿದಂತೆ ಪ್ರಾರ್ಥನೆ ಸವೆದು ಹೋಯಿತು, ಬಡತನ ಉಳಿಯಿತು. ಕೊನೆಗೆ ಅದೇ ಪದಕ್ಕೆ, ರಾಜ ಕೊಟ್ಟ ನೀಲಿ ನಿಲುವಂಗಿ ತೊಟ್ಟು ಅಪ್ಪಣೆ ಪಡೆದು ಭಿಕ್ಷೆ ಎತ್ತುವವನು ಎಂಬ ಅರ್ಥ ನಿಂತಿತು.

"ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು," ಎಂದಿದ್ದಳು ವಸಂತಲಕ್ಷ್ಮಿ, ಚಹಾ ಬಗ್ಗಿಸುತ್ತ. "ದೇವರನ್ನೂ ಬೇಡ್ತೇವೆ, ಭಿಕ್ಷೆಯನ್ನೂ ಬೇಡ್ತೇವೆ."

ಐಲ್ಸಾ ಕಪ್ಪನ್ನು ಕೆಳಗಿಟ್ಟರು. "ಬೇಡ್! ಹಳೆಯ ಕಾಲದಲ್ಲಿ ನಮ್ಮದರ ಉಚ್ಚಾರವೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಸಂಬಂಧ ಇಲ್ಲ, ಬರೀ ಕಾಕತಾಳೀಯ. ಆದರೂ ಎಷ್ಟು ಚಂದ!" ಆ ದಿನವೆಲ್ಲ ವಸಂತಲಕ್ಷ್ಮಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ದಿನಗಳಲ್ಲೇ ಜಾಹ್ನವಿ ಐಲ್ಸಾ ಅವರ ಹತ್ತಿರ ಬರತೊಡಗಿದಳು. ಬೆಂಗಳೂರಿನ ಹುಡುಗಿ, ಅದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಒದ್ದೆ ಸೈಕಲ್ಲನ್ನು ವರಾಂಡದಲ್ಲಿ ಒರಗಿಸಿ, ಹೆಲ್ಮೆಟ್ಟನ್ನು ವಸಂತಲಕ್ಷ್ಮಿ ಕೂರುತ್ತಿದ್ದ ಕುರ್ಚಿಯ ಮೇಲೇ ಇಡುತ್ತಿದ್ದಳು. ಅವಳು ಬಂದರೆ ಐಲ್ಸಾ ಅವರ ಮುಖ ಬೆಳಗುತ್ತಿತ್ತು. ಮೊದಮೊದಲು ವಸಂತಲಕ್ಷ್ಮಿ ಮಗಳಿಗೆಂಬಂತೆ ಅವಳಿಗೂ ಚಹಾ ಮಾಡಿದಳು. ಒಂದು ದಿನ ಬಾಗಿಲು ತೆರೆದಾಗ ಒಳಗಿನಿಂದ, "ಜಾಹ್ನವಿಯೇ?" ಎಂಬ ದನಿ ಬಂತು. "ಅಲ್ಲ, ನಾನು," ಎಂದಳು. "ಓ," ಎಂದರು ಐಲ್ಸಾ. ಆ 'ಓ' ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು.

ಬೀಡ್‌ಮನ್ ಪದದ ಮೇಲೆ ಪ್ರಬಂಧ ಬರೆಯುವಂತೆ ಐಲ್ಸಾ ಹೇಳಿದ್ದು ಜಾಹ್ನವಿಗೆ. ವಿಭಾಗದ ಸೆಮಿನಾರಿನಲ್ಲಿ ಮಂಡಿಸುವುದೆಂದೂ ಆಯಿತು. ಕರಡು ಬಂದ ದಿನ ಜಾಹ್ನವಿ ಇರಲಿಲ್ಲ. ಹಾಳೆಗಳನ್ನು ಕೊಟ್ಟು ಕ್ಲಾಸಿಗೆ ಓಡಿದ್ದಳು. ಐಲ್ಸಾ ಕಣ್ಣು ಮುಚ್ಚಿ ಒರಗಿದರು. ವಸಂತಲಕ್ಷ್ಮಿ ಓದತೊಡಗಿದಳು.

ಪುಟಗಳು ಅಚ್ಚುಕಟ್ಟಾಗಿದ್ದವು, ಅಷ್ಟೆ. ನಡುವೆ ಒಂದು ಪ್ಯಾರಾ ಮೇಲೆ ಕಣ್ಣು ಬಿತ್ತು. ಬಾಯಿ ಮೇಲಿನ ಸಾಲಿನಲ್ಲಿದ್ದಾಗಲೇ ಕಣ್ಣು ಕೆಳಗಿಳಿದು ಅದನ್ನು ಓದಿ ಮುಗಿಸಿತ್ತು. ಅವಳದೇ 'ಬೇಡು' ಅಲ್ಲಿತ್ತು. ಅವಳು ಚಹಾದ ಹೊತ್ತಿಗೆ ಆಡಿ ಮರೆತದ್ದನ್ನು ಹುಡುಗಿ ಎತ್ತಿಕೊಂಡು ಎಲ್ಲಿಗೋ ಒಯ್ದಿದ್ದಳು: ಕನ್ನಡದಲ್ಲಿ ಬೇಡುವುದಿದೆ, ಬೇಡಿಸುವುದೂ ಇದೆ, ತನ್ನ ಆತ್ಮಕ್ಕಾಗಿ ಬಡವನ ಬಾಯಿಂದ ಬೇಡಿಸುವ ಧಣಿಯೂ ಬೇಡುವವನೇ, ಅನ್ನಕ್ಕೆ ಬಡವ ಧಣಿಯನ್ನು ನೆಚ್ಚಿದ್ದರೆ ಮೋಕ್ಷಕ್ಕೆ ಧಣಿ ಬಡವನನ್ನು ನೆಚ್ಚಿದ್ದ, ಹಾಗಾದರೆ ಹಂಗಿನವನು ಯಾರು?

ತನಗೇಕೆ ಇದು ಹೊಳೆಯಲಿಲ್ಲ? ಮಾತು ತನ್ನದು, ಹೆಸರಂತೂ ಎಲ್ಲೂ ಇಲ್ಲ. ಆದರೆ ಸುಟ್ಟದ್ದು ಅದಲ್ಲ. ಅದು ಚೆನ್ನಾಗಿತ್ತು ಎಂಬುದೇ ಸುಟ್ಟಿತು. ಅವಳ ದನಿ ತಡವರಿಸಲಿಲ್ಲ. ಆ ಪ್ಯಾರಾವನ್ನು ದಾಟಿ ಮುಂದಿನದಕ್ಕೆ ಹೋಯಿತು.

"ಒಣಗಿದೆ," ಎಂದರು ಐಲ್ಸಾ ಕೊನೆಗೆ. "ನಿಘಂಟಿನ ಹಾಗಿದೆ." ಸಂಜೆ ಜಾಹ್ನವಿಗೆ ಫೋನಿನಲ್ಲೂ ಹಾಗೆಯೇ ಹೇಳಿದರು.

ಮುಂದಿನ ವಾರ ವಸಂತಲಕ್ಷ್ಮಿ ಹೋದಾಗ ಐಲ್ಸಾ ಮಂಕಾಗಿದ್ದರು. ಜಾಹ್ನವಿ ಸೆಮಿನಾರಿನಿಂದ ಹೆಸರು ಹಿಂತೆಗೆದುಕೊಂಡಿದ್ದಳಂತೆ, ವಿಷಯವನ್ನೇ ಬದಲಿಸುತ್ತಾಳಂತೆ. ವಸಂತಲಕ್ಷ್ಮಿ ಅಡುಗೆಮನೆಗೆ ಹೋಗಿ ನೀರು ಕಾಯಲಿಟ್ಟಳು. ಗೆದ್ದೆ ಎನ್ನಿಸಿತು. ನೀರು ಕುದಿಯುವ ತನಕ ಆ ಖುಷಿ ಬಾಳಿತು.

"ನನ್ನದೇ ತಪ್ಪೇನೋ," ಐಲ್ಸಾ ಒಳಗಿನಿಂದ ಹೇಳುತ್ತಿದ್ದರು. "ಅವಳಿಗೆ ನಿನ್ನ ಬೇಡು ಪದ ಕೊಟ್ಟಿದ್ದೆ. ಅದರಿಂದ ಏನಾದರೂ ಮಾಡ್ತಾಳೆ ಅಂದುಕೊಂಡಿದ್ದೆ. ಮುಟ್ಟಲೇ ಇಲ್ಲ. ಅಷ್ಟು ಸೂಕ್ಷ್ಮ ಇಲ್ಲದ ಹುಡುಗಿ ಅಂತ ಕಾಣುತ್ತೆ."

ವಸಂತಲಕ್ಷ್ಮಿಗೆ ತಡೆಯಲಾಗಲಿಲ್ಲ. ಹುಡುಗಿಯನ್ನು ಎಷ್ಟು ಬೇಕಾದರೂ ದ್ವೇಷಿಸಬಹುದು. ಅವಳಿಗೆ ಸೂಕ್ಷ್ಮ ಇಲ್ಲ ಅನ್ನುವುದು ಸುಳ್ಳು. ಬಂದು ಹಾಳೆ ತೆಗೆದು, ನಿಂತೇ, ಆ ಪ್ಯಾರಾ ಓದಿದಳು. ಕೆಡಿಸಿ ಓದಬೇಕೆಂದರೂ ಬರಲಿಲ್ಲ; ವಾಕ್ಯಗಳೇ ಅವಳ ದನಿಯನ್ನು ತಿದ್ದಿಕೊಂಡವು.

"ಇನ್ನೊಮ್ಮೆ," ಎಂದರು ಐಲ್ಸಾ. ಇನ್ನೊಮ್ಮೆ ಓದಿದಳು.

"ಅವತ್ತು ಇದನ್ನು ಓದಲಿಲ್ಲ."

"ಇಲ್ಲ."

"ಹಾಳೆ ಅಂಟಿಕೊಂಡಿತ್ತೇ?"

ದಾಟಿಹೋಗಲು ಮುದುಕಿ ತಾನೇ ಹಲಗೆ ಹಾಕಿಕೊಟ್ಟಿದ್ದರು. "ಇಲ್ಲ. ಹೊಟ್ಟೆಕಿಚ್ಚು," ಎಂದಳು ವಸಂತಲಕ್ಷ್ಮಿ.

ಐಲ್ಸಾ ಅವಳಿದ್ದ ದಿಕ್ಕಿಗೆ ಮುಖ ತಿರುಗಿಸಿದರು. "ನಿನ್ನ ದನಿಯ ಮೇಲೆ ನಂಬಿಕೆಯಿಟ್ಟು ಬದುಕಿದ್ದೀನಿ," ಎಂದರು. "ಹೋಗಿ ಅವಳಿಗೆ ಹೇಳು. ನನಗೆ ಹೇಳಿದ್ದು ಸಾಲದು."

ಜಾಹ್ನವಿ ಗ್ರಂಥಾಲಯದ ಹೊರಗೆ ಸೈಕಲ್ ಬೀಗ ತೆಗೆಯುತ್ತಿದ್ದಳು. ವಸಂತಲಕ್ಷ್ಮಿ ಎಲ್ಲವನ್ನೂ ಹೇಳಿದಳು. ಹುಡುಗಿ ಬೀಗ ಹಿಡಿದುಕೊಂಡೇ ನಿಂತಳು.

"ನಾನು ಒಂದು ವಾರದಿಂದ ನಿದ್ದೆ ಮಾಡಿಲ್ಲ, ಆಂಟಿ. ರಿಸರ್ಚೇ ಬಿಟ್ಬಿಡೋಣ ಅಂತಿದ್ದೆ."

"ಗೊತ್ತು. ತಪ್ಪಾಯ್ತು ಕಣಮ್ಮ. ಆ ಬೇಡು ಅನ್ನೋದು ನಾನು ಹೇಳಿದ್ದು..."

"ನಿಮ್ಮದಾ? ಐಲ್ಸಾ ಹೇಳ್ಲೇ ಇಲ್ಲ." ಅವಳ ಮುಖ ಕೆಂಪಾಯಿತು. "ನಿಮ್ಮ ಹೆಸರು ಹಾಕ್ತೀನಿ, ಅದು ನ್ಯಾಯ. ಆದ್ರೆ ನೀವು ಮಾಡಿದ್ದು ಬೇರೆ. ಅದನ್ನ ಇದಕ್ಕೆ ಸೇರಿಸ್ಬೇಡಿ."

ಸೈಕಲ್ ಹತ್ತಿ ಹೊರಟುಹೋದಳು.

ಸೆಮಿನಾರಿನ ಪಟ್ಟಿಗೆ ಜಾಹ್ನವಿಯ ಹೆಸರನ್ನು ಐಲ್ಸಾ ಮತ್ತೆ ಸೇರಿಸಿದರು. ತಿದ್ದಿದ ಕರಡಿನೊಂದಿಗೆ ಜಾಹ್ನವಿ ಬಂದ ದಿನ ವಸಂತಲಕ್ಷ್ಮಿ ರೂಢಿಯಂತೆ ಕೈ ಚಾಚಿದಳು. ಹುಡುಗಿ ಹಾಳೆಗಳನ್ನು ಎದೆಗೊತ್ತಿಕೊಂಡಳು. "ನಾನೇ ಓದ್ತೀನಿ."

ಓದಿದಳು, ಗಡಿಬಿಡಿಯಲ್ಲಿ, ವಾಕ್ಯಗಳ ತುದಿ ನುಂಗುತ್ತ. ಹಳೆಯ ಪದಗಳಲ್ಲಿ ನಾಲಿಗೆ ತೊಡರುತ್ತಿತ್ತು. ಐಲ್ಸಾ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು, ಆದರೆ ವಸಂತಲಕ್ಷ್ಮಿಗೆ ಕೊಡು ಎನ್ನಲಿಲ್ಲ. ಕಿಟಕಿಯ ಹತ್ತಿರ ಕೂತ ವಸಂತಲಕ್ಷ್ಮಿಗೆ ಆ ಸಾಲುಗಳ ಮೇಲಿನ ಅಸೂಯೆ ಒಂದಿಷ್ಟೂ ಇಳಿದಿರಲಿಲ್ಲ. ಅಷ್ಟು ಒಳ್ಳೆಯ ಸಾಲುಗಳು ಹೀಗೆ ಹಾಳಾಗುವುದನ್ನೂ ಸಹಿಸಲಾಗಲಿಲ್ಲ.

"ಸ್ವಲ್ಪ ನಿಧಾನ," ಎಂದಳು.

ಜಾಹ್ನವಿ ತಲೆ ಎತ್ತಿ ಅವಳನ್ನು ದಿಟ್ಟಿಸಿದಳು. ಆಮೇಲೆ ಅದೇ ಸಾಲನ್ನು ಮೊದಲಿನಿಂದ, ನಿಧಾನವಾಗಿ ಓದಿದಳು.