ಮಗಳ ಕಾರಿನ ಹಿಂದಿನ ಅಚ್ಚು

ನಮ್ಮ ಭಾವ ಯಾವ ಕಾರನ್ನೂ ಮುಂದಿನಿಂದ ನೋಡಿದವರಲ್ಲ. ಬೀದಿಯಲ್ಲಿ ಎಂಥ ಹೊಸ ಕಾರು ಬಂದು ನಿಂತರೂ, ಜನರೆಲ್ಲ ಅದರ ಹೊಳೆಯುವ ಮೂತಿಗೆ ಮರುಳಾಗಿ ನೆರೆದಿರುವಾಗ, ಇವರು ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗಾಲನ್ನು ತುಸು ಎಳೆಯುತ್ತ ಹಿಂಭಾಗಕ್ಕೆ ಹೋಗಿ, ಕುಕ್ಕರಗಾಲಿನಲ್ಲಿ ಕುಳಿತು, ತಲೆ ಓರೆ ಮಾಡಿ ಅದರ ಹೊಟ್ಟೆಯ ಕೆಳಗೆ ಇಣುಕುತ್ತಾರೆ. ಹಿಂದಿನ ಎರಡು ಚಕ್ರಗಳನ್ನು ಕೂಡಿಸುವ ಅಚ್ಚು, ಗ್ಯಾರೇಜಿನ ಮಾತಿನಲ್ಲಿ ಆಕ್ಸಲ್, ಅವರ ಬದುಕಿನ ಏಕೈಕ ವ್ಯಾಸಂಗ. "ಇಷ್ಟು ವರ್ಷ ಸಂಸಾರ ಮಾಡಿದೀನಿ, ನನ್ನ ಮುಖ ಹೇಗಿದೆ ಅಂತ ಕೇಳು, ತಡವರಿಸ್ತಾರೆ. ಜಡೆ ಎಷ್ಟುದ್ದ ಅಂತ ಕೇಳು, ಥಟ್ಟಂತ ಹೇಳ್ತಾರೆ" ಎಂದು ನಮ್ಮಕ್ಕ ನಗುತ್ತಾಳೆ.

ಚಳಿಯಿರಲಿ, ಸೆಕೆಯಿರಲಿ, ಅವರ ಮೈಮೇಲೆ ಒಂದು ಖಾಕಿ ಕೋಟು. ತೋಳಿನ ತುಂಬ ವೆಲ್ಡಿಂಗಿನ ಕಿಡಿ ಬಿದ್ದು ಸುಟ್ಟ ತೂತುಗಳು. ಜೇಬುಗಳನ್ನೆಲ್ಲ ಅಕ್ಕನ ಕೈಯಲ್ಲಿ ಹೊಲಿಸಿ ಮುಚ್ಚಿಸಿದ್ದಾರೆ. ಬಗ್ಗಿದಾಗ ಜೇಬಿನಿಂದ ಒಂದು ತಿರುಪು ಜಾರಿ ಗಿಯರಿನೊಳಗೆ ಬಿದ್ದರೆ ಯಾರ ಪ್ರಾಣಕ್ಕೆ ಸಂಚಕಾರವೋ ಎಂಬ ಭಯ. ಇನ್ನು ಅವರ ಮಾತು: ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. "ಬಿಗಿ ಆಯ್ತಾ? ಆಯ್ತು. ಎಣ್ಣೆ ಹಾಕಿದ್ನಾ? ಹಾಕಿದೆ." ದಿನವಿಡೀ ಈ ಸಂವಾದ ಕೇಳಿಬರುವುದರಿಂದ, ಒಳಗೆ ಇಬ್ಬರಿದ್ದಾರೆಂದು ಭಾವಿಸಿ ಕಾದು ಕುಳಿತ ಗಿರಾಕಿಗಳೂ ಉಂಟು.

ಅವರು ಹೊಸ ಅಚ್ಚುಗಳನ್ನು ಮುಟ್ಟುವುದಿಲ್ಲ. ಗುಜರಿ ಅಂಗಳದಲ್ಲಿ ಜಜ್ಜಿಹೋದ ಕಾರುಗಳ ನಡುವೆ ಅಲೆದು ಆರಿಸಿ ತರುತ್ತಾರೆ. ಎದುರಿನಿಂದ ಗುದ್ದಿಸಿಕೊಂಡ ಗಾಡಿಯೇ ಆಗಬೇಕು, ಅದರ ಹಿಂಭಾಗ ಮಾತ್ರ ನೆಟ್ಟಗಿರುತ್ತದೆ. ಆದರೆ ಎದುರಿನಿಂದ ಗುದ್ದಿಸಿಕೊಂಡ ಗಾಡಿಯಲ್ಲಿ ಕುಳಿತಿದ್ದವರ ಗತಿ? ಭಾವ ಸ್ಪ್ಯಾನರು ತೆಗೆಯುವ ಮೊದಲು ಗುಜರಿಯವನನ್ನು ಕೇಳುತ್ತಾರೆ: "ಬದುಕಿದ್ರಾ?" ಇಲ್ಲವೆಂದರೂ ತರುತ್ತಾರೆ, ಬಿಟ್ಟುಬರುವುದಿಲ್ಲ, ಆದರೆ ಅಂದು ಕೆಲಸ ಶುರುಮಾಡಲು ತಡಮಾಡುತ್ತಾರೆ, ಒಡೆದ ಗಾಜಿನ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾರೆ.

ಅವರಿಗೆ ಒಬ್ಬಳೇ ಮಗಳು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ. ವಾರವಿಡೀ ಆಸ್ಪತ್ರೆಗೆ ಓಡಿಸಿಕೊಂಡು ಹೋಗುವ ಹಳೆಯ ಕಾರನ್ನೇ ಅವಳು ರಜೆಯ ದಿನ, ಪಾಳುಬಿದ್ದ ವಿಮಾನದ ಓಡುದಾರಿಯಲ್ಲಿ ನಡೆಯುವ ಡ್ರ್ಯಾಗ್ ರೇಸಿಗೆ ಒಯ್ಯುತ್ತಿದ್ದಳು. ಎರಡು ಕಾರುಗಳು ಅಕ್ಕಪಕ್ಕ ನಿಂತು, ದೀಪ ಹಸಿರಾದೊಡನೆ ನೇರ ದಾರಿಯಲ್ಲಿ ಬಾಣದಂತೆ ನುಗ್ಗುವ ಆಟ. ಮುಗಿಯಲು ಉಸಿರು ಬಿಗಿಹಿಡಿಯುವಷ್ಟು ಹೊತ್ತೂ ಬೇಡ. ಹೊರಡುವ ಆ ಒಂದು ಕ್ಷಣದಲ್ಲಿ ಎಂಜಿನ್ನಿನ ಬಲವೆಲ್ಲ ಬಂದು ಬೀಳುವುದು ಹಿಂದಿನ ಅಚ್ಚಿನ ಮೇಲೆ. ಅವಳು ಎಂಜಿನ್ನನ್ನು ಬಲಪಡಿಸಿಕೊಂಡಳು, ಹಳೆಯ ಅಚ್ಚು ತಡೆಯದಾಯಿತು. "ಅಪ್ಪ, ನನಗೊಂದು ಕಟ್ಟಿಕೊಡಿ" ಎಂದಳು. ಬೇಡವೆನ್ನುವ ಆಸೆ ಭಾವನಿಗೆ ಬೆಟ್ಟದಷ್ಟಿತ್ತು. ಆದರೆ ತಾವು ಕಟ್ಟದಿದ್ದರೆ ಬೇರೆಯವರ ಹತ್ತಿರ ಕಟ್ಟಿಸಿಕೊಂಡಾಳು ಎಂಬ ಅರಿವೂ ಇತ್ತು.

ಒಂದು ಸರಕುಗಾಡಿಯ ದಪ್ಪ ಅಚ್ಚನ್ನು ತಂದರು. ಉದ್ದವನ್ನು ಕತ್ತರಿಸಿ ಮಗಳ ಕಾರಿನ ಅಗಲಕ್ಕೆ ತಂದು, ಅದರ ಎರಡು ಬದಿಯ ಕೊಳವೆಗಳನ್ನು ನಡುವೆ ಗಿಯರುಗಳಿರುವ ಗುಂಡುಪೆಟ್ಟಿಗೆಗೆ ಬೆಸೆಯತೊಡಗಿದರು. ಇಲ್ಲಿಯೇ, ಅದೇ ಕೆಲಸದಲ್ಲಿ ತಲೆ ನರೆತ ಆ ಮನುಷ್ಯ, ಕಲಿಯುವ ಹುಡುಗನೂ ಮಾಡದ ತಪ್ಪು ಮಾಡಿದರು. ಒಂದು ಸುತ್ತು ಬೆಸುಗೆ ಸಾಕಾಗಿತ್ತು. ಮಗಳು ಕೂರುವ ಗಾಡಿ, ಇನ್ನೊಂದು ಸುತ್ತಿರಲಿ ಎಂದರು. ಅದರ ಮೇಲೆ ಮತ್ತೊಂದು. ಅತಿಯಾದರೆ ಅಮೃತವೂ ವಿಷ: ಹೆಚ್ಚಿನ ಶಾಖಕ್ಕೆ ಕೊಳವೆ ಎಳೆದುಕೊಂಡು ಬಾಗಿತು. ಕಣ್ಣಿಗೆ ಕಾಣುವ ಬಾಗಲ್ಲ. ಆದರೆ ಕೊಳವೆ ಕೂದಲೆಳೆಯಷ್ಟು ಬಾಗಿದ್ದರೂ ಒಳಗೆ ಚಕ್ರವನ್ನು ತಿರುಗಿಸುವ ಉಕ್ಕಿನ ಸಲಾಕೆ ಸುತ್ತುಸುತ್ತಿಗೂ ಬಳುಕುತ್ತದೆ. ಉಕ್ಕಿಗೂ ದಣಿವುಂಟು, ದಣಿದು ಒಂದು ದಿನ ಮುರಿಯುತ್ತದೆ. ಮುರಿದರೆ ಚಕ್ರವೇ ಕಳಚಿ ಹೋದೀತು.

ಬಾಗಿದ್ದರ ಎದುರು ಬದಿಯನ್ನು ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ, ಬಹಳ ತಾಳ್ಮೆಯಿಂದ ಅದನ್ನು ನೆಟ್ಟಗೆ ಮಾಡಿದರು. ಕೊನೆಗೆ ಅಳತೆಯ ದಂಡವನ್ನು ಈ ತುದಿಯಿಂದ ಆ ತುದಿಗೆ ತೂರಿಸಿದಾಗ ನಾನೂ ಅಲ್ಲಿದ್ದೆ. ದಂಡ ಹೋಯಿತು, ನಡುವೆ ಒಂದು ಕಡೆ ಮಾತ್ರ, ಬಾಗಿಲು ನೆಲಕ್ಕೆ ತಾಗಿದ ಹಾಗೆ, ಸಣ್ಣಗೆ ಉಜ್ಜಿತು. "ಸರಿ ಇದೆಯಾ?" ಎಂದು ಭಾವ ತಮ್ಮನ್ನೇ ಕೇಳಿಕೊಂಡರು. ಉತ್ತರ ಹೇಳಿಕೊಳ್ಳಲಿಲ್ಲ.

"ಹೋಯ್ತಲ್ಲಪ್ಪ, ಇನ್ನೇನು?" ಎಂದಳು ಮಗಳು.

"ಉಜ್ಜುತ್ತೆ. ಕೊಡಲ್ಲ."

"ಬೇರೆಯವರು ಬಂದಿದ್ರೆ ಕೊಡ್ತಿದ್ರಾ?"

ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ. "ಬೇರೆಯವರ ಮಕ್ಕಳಿಗಾದ್ರೆ ಕೊಡ್ತಿದ್ದೆ" ಎಂದರು. "ಇಷ್ಟು ಉಜ್ಜೋದು ನಡೆಯುತ್ತೆ ಅಂತ ಎಲ್ಲರಿಗೂ ಕೊಟ್ಟಿದೀನಿ."

ಅವಳು ಜಗಳಕ್ಕೆ ನಿಲ್ಲಲಿಲ್ಲ. "ಹಾಗಾದ್ರೆ ಅವರೆಲ್ಲ ಯಾರಪ್ಪ?" ಎಂದು ಮಾತ್ರ ಕೇಳಿ ಒಳಗೆ ಹೋದಳು. ಭಾವ ದಂಡವನ್ನು ಹಿಡಿದುಕೊಂಡೇ ನಿಂತಿದ್ದರು.

ಮರುದಿನ ಬೆಳಿಗ್ಗೆಯಿಂದ ಫೋನ್ ಮಾಡತೊಡಗಿದರು. ತಾವು ಕಟ್ಟಿದ ಅಚ್ಚು ಯಾರ ಯಾರ ಕಾರಿನಲ್ಲಿದೆಯೋ ಅವರೆಲ್ಲ ಕಾರು ತರಬೇಕು, ಬಿಚ್ಚಿ ನೋಡಬೇಕು. "ಚೆನ್ನಾಗೇ ಓಡ್ತಿದೆ, ನಿಮಗೇನು ಬೇರೆ ಕೆಲಸ ಇಲ್ವಾ?" ಎಂದು ಒಬ್ಬ ಗದರಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಪಕ್ಕದ ಗ್ಯಾರೇಜಿನವರು ಆಡಿಕೊಂಡರು. ಭಾವನ ಕೆಲಸದಲ್ಲಿ ಹುಳುಕಿದೆಯೆಂಬ ಸುದ್ದಿ ಹಬ್ಬಿ ಹೊಸ ಗಿರಾಕಿಗಳು ಬರುವುದನ್ನೇ ಬಿಟ್ಟರು. ಭಾವ ಮಾತ್ರ ಒಂದೊಂದೇ ಅಚ್ಚನ್ನು ಇಳಿಸಿ, ದಂಡ ತೂರಿಸಿ, ಉಜ್ಜಿದವನ್ನು ಕಾಯಿಸಿ ನೇರ ಮಾಡಿ, ತಿರುಗಿ ಜೋಡಿಸುತ್ತ ಹೋದರು. ಉಜ್ಜಿದರೂ ಬಹುತೇಕ ಎಲ್ಲದರ ಸಲಾಕೆಗಳೂ ಗಟ್ಟಿಯಾಗಿಯೇ ಇದ್ದವು. ಬೇಕರಿಯ ಸರಬರಾಜು ಹುಡುಗನೊಬ್ಬನ ಕಾರಿನ ಸಲಾಕೆಯನ್ನು ಹೊರಗೆಳೆದು ಒರೆಸಿದಾಗ, ಅದರ ಕತ್ತಿನ ಸುತ್ತ ಅರ್ಧದವರೆಗೂ ಕೂದಲಿನಂಥ ಒಂದು ಬಿರುಕು ಇತ್ತು. ಭಾವ ಅದನ್ನು ಬೆರಳಿನಿಂದ ಸವರಿ, ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟರು.

ಈ ಕಾರುಗಳೆಲ್ಲ ಮುಗಿಯುವವರೆಗೆ ಮಗಳ ಕಾರು ಮರದ ದಿಮ್ಮಿಗಳ ಮೇಲೆ ನಿಂತೇ ಇತ್ತು. ಅವಳು ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬಂದಳು, ಆ ಸಲದ ಓಟಗಳಷ್ಟೂ ತಪ್ಪಿಹೋದವು. ಒಂದು ದಿನವೂ ಅವಸರಪಡಿಸಲಿಲ್ಲ. ಅವಳ ಸರದಿ ಬಂದಾಗ ಭಾವ ಬೆಸೆದದ್ದನ್ನೆಲ್ಲ ಕೊಯ್ದು ತೆಗೆದು, ಹೊಸದಾಗಿ, ಒಂದೇ ಸುತ್ತು ಬೆಸೆದರು. ದಂಡ ಸದ್ದಿಲ್ಲದೆ ಆಚೆಗೆ ಹೋಯಿತು. ಮುಂದಿನ ಸಲದ ಓಟದ ದಿನ ಅವರು ನೋಡಲು ಹೋಗಲಿಲ್ಲ, ಧೈರ್ಯ ಸಾಲಲಿಲ್ಲ. ಮಧ್ಯಾಹ್ನ ಫೋನ್ ಬಂತು.

"ಸೋತೆ ಅಪ್ಪ."

"ಎಣ್ಣೆ ಏನಾದ್ರೂ ಸೋರ್ತಾ?"

"ಇಲ್ಲ."

"ಸರಿ, ಊಟಕ್ಕೆ ಬಾ ಹಾಗಾದ್ರೆ."

ತಮ್ಮ ಮಗುವಿಗಾಗಿ ಜೀವ ತೇಯುವವರು ಲೋಕದಲ್ಲಿ ಎಲ್ಲೆಲ್ಲೂ ಇದ್ದಾರೆ. ಹೆತ್ತವರಿಗೆ ಹೆಗ್ಗಣ ಮುದ್ದು, ಅದಕ್ಕೆ ವಿಶೇಷವಾದ ಹೃದಯವೇನೂ ಬೇಕಿಲ್ಲ. ಆದರೆ ಸ್ವಂತ ಮಗುವಿಗಾಗಿ ಅಂಜಿದ ಅಂಜಿಕೆಯನ್ನೇ ಅಳತೆಯಾಗಿ ಹಿಡಿದು, ಮುಖ ಮರೆತುಹೋದವರ ಮಕ್ಕಳಿಗೂ ಅಷ್ಟನ್ನೇ ಸಲ್ಲಿಸಿ, ಆಮೇಲೆ ತಮ್ಮ ಮನೆಯತ್ತ ತಿರುಗುವವರು ವಿರಳ. ಅವರ ಹಿರಿಮೆಗೆ ಸಾಕ್ಷಿ ದೊರೆಯದು. ಎಲ್ಲೋ ಒಂದು ಮನೆಗೆ ಸಂಜೆ ಹೊತ್ತು ಯಾರದೋ ಮಗ ಹಸಿದು ಬರುತ್ತಾನೆ, ಯಾಕೋ ಇಷ್ಟು ತಡ ಎಂದು ತಾಯಿ ಬೈಯುತ್ತಾಳೆ, ಅಷ್ಟೇ.