ಮನೆಗಳ ಬೆನ್ನಿನ ಓಣಿ

ನಗರ ಯೋಜನಾ ಕಚೇರಿಯ ನಕ್ಷೆಗಾರ್ತಿಗೆ ಅಂದು ಒಪ್ಪಿಸಿದ್ದ ಕೆಲಸ ಇಷ್ಟವಿರಲಿಲ್ಲ. ಶಾಲೆ ಬೀದಿಯ ಸಾಲುಮರಗಳನ್ನು ತೆಗೆದು ಮಕ್ಕಳಿಗೊಂದು ಕಾಲುದಾರಿ ಮಾಡಿದರೆ ಹೇಗಿರುತ್ತದೆ ಎಂದು ಕಂಪ್ಯೂಟರಿನಲ್ಲಿ ತೋರಿಸಬೇಕಿತ್ತು. ಡ್ರೋನ್ ತೆಗೆದ ಚಿತ್ರಗಳನ್ನೆಲ್ಲ ಹೊಂದಿಸಿ ಇಡೀ ಊರಿನ ಮೂರು ಆಯಾಮದ ಮಾದರಿಯನ್ನು ಕಟ್ಟಿದವಳು ಅವಳೇ. ಮರಗಳನ್ನು ಅಳಿಸಿ, ಮಾದರಿಯ ಮೇಲೆ ಬೇಸಿಗೆಯ ಬಿಸಿಲು ಹಾಯಿಸಿದಳು. ಬೀದಿ ಕಾದ ಕಾವಲಿಯಂತೆ ಕೆಂಪಗಾಯಿತು. ಮನಸ್ಸು ಮುದುಡಿತು.

ಬೇಸರಕ್ಕೆ ಮಾದರಿಯನ್ನು ಗಿರ್ರನೆ ತಿರುಗಿಸಿದವಳು ಥಟ್ಟನೆ ನಿಂತಳು. ಆ ಬೀದಿಯ ಮನೆಗಳಿಗೂ ಹಿಂದಿನ ಬೀದಿಯ ಮನೆಗಳಿಗೂ ನಡುವೆ, ಬೆನ್ನಿಗೆ ಬೆನ್ನು ಕೂಡುವಲ್ಲಿ, ಹಸಿರು ಪಟ್ಟಿಯೊಂದು ಶಾಲೆಯ ಗೇಟಿನಿಂದ ಬಸ್ ನಿಲ್ದಾಣದವರೆಗೂ ಚಾಚಿತ್ತು. ಅಲ್ಲಲ್ಲಿ ಅಡ್ಡಗೋಡೆ, ತುಕ್ಕು ಹಿಡಿದ ಡ್ರಮ್ಮು, ಮುಳ್ಳುಕಂಟಿ. ಅದರ ಮೇಲೆ ಹಳೆಯ ಸರ್ವೆ ನಕ್ಷೆಯನ್ನು ಹೊದಿಸಿದಳು. ಯಾರ ಸ್ವಂತದ್ದೂ ಅಲ್ಲ, ಊರಿನದೇ ಓಣಿ! ಅವಳ ದೊಡ್ಡಮ್ಮನ ಮನೆ ಅದೇ ಬೀದಿಯಲ್ಲಿತ್ತು. ಚಿಕ್ಕಂದಿನ ರಜೆಗಳನ್ನೆಲ್ಲ ಅಲ್ಲೇ ಕಳೆದರೂ ಹಿತ್ತಲ ಗೋಡೆಯಾಚೆ ಒಮ್ಮೆಯೂ ಇಣುಕಿರಲಿಲ್ಲ.

ಕಾಲುದಾರಿಯನ್ನು ಈ ಓಣಿಯಲ್ಲೇ ಮಾಡೋಣ ಎಂದಳು. "ಜನ ಒಪ್ಪಿದ್ರೆ ಮರ ಉಳೀತು ಅಂದ್ಕೊಳಿ," ಎಂದರು ಮೇಲಧಿಕಾರಿ. "ಆದ್ರೆ ಗೋಡೆ ವಿಷಯ ನೀವೇ ಎತ್ತಬೇಕು. ನನಗೆ ಪ್ರಾಣದ ಮೇಲೆ ಆಸೆ ಇದೆ."

ಶಾಲೆಯ ಸಭಾಂಗಣದಲ್ಲಿ ಪರದೆಯ ಮೇಲೆ ಊರು ಮೂಡಿದ್ದೇ ತಡ, ಸಭೆ ಸಂತೆಯಾಯಿತು. ಎಲ್ಲರಿಗೂ ಮೊದಲು ತಮ್ಮ ಮನೆ ಕಾಣಬೇಕು.

"ಅಯ್ಯಯ್ಯೋ, ನನ್ನ ತಾರಸಿ ಮೇಲೆ ಹರಿದ ಬೆಡ್‌ಶೀಟು!" ದೊಡ್ಡಮ್ಮ ಎದ್ದೇಬಿಟ್ಟರು. "ಫೋಟೋ ತೆಗೀತೀನಿ ಅಂತ ಒಂದು ಮಾತು ಹೇಳಿದ್ರೆ ಹೊಸದು ಒಣಗ್ಹಾಕ್ತಿದ್ನಲ್ಲೇ!"

ನಗು ಇಳಿಯುವ ಮುನ್ನವೇ ನಕ್ಷೆಗಾರ್ತಿ ಹಸಿರು ಪಟ್ಟಿಯನ್ನು ತೋರಿಸಿದಳು. ದೊಡ್ಡಮ್ಮ ಮುಖ ಗಂಟಿಕ್ಕಿದರು. "ಅದು ಹಿಂದಿನ ಮನೆ ದರ್ಜಿಯವರದು. ನಮಗ್ಯಾಕೆ?"

ಹಿಂದಿನ ಸಾಲಿನಲ್ಲಿದ್ದ ದರ್ಜಿ ಕಣ್ಣರಳಿಸಿದ. "ನಂದಾ? ನಿಮ್ಮದು ಅಂದ್ಕೊಂಡು, ಈಯಮ್ಮ ಕಸ ತೆಗೆಸಲ್ವಲ್ಲಾ ಅಂತ ಇಷ್ಟು ವರ್ಷ ಬೈಕೊಂಡಿದೀನಲ್ಲ ಅಕ್ಕಾ!"

"ನಾನೇನು ಕಮ್ಮಿ ಬೈದಿದೀನಾ? ಬಿಡಿ, ಸರಿಗೆ ಸರಿ ಆಯ್ತು."

"ಗೋಡೆ ಒಡೆದ್ರೆ ಕಳ್ಳರು ಬರಲ್ವಾ?" ಔಷಧಿ ಅಂಗಡಿಯವನ ಪ್ರಶ್ನೆ.

"ನಿಮ್ಮ ಕಾಂಪೌಂಡು ಹಾಗೇ ಇರತ್ತೆ, ಓಣಿಯ ಅಡ್ಡಗೋಡೆ ಮಾತ್ರ ಹೋಗತ್ತೆ," ಎಂದ ನಕ್ಷೆಗಾರ್ತಿ, ನೋಟವನ್ನು ಮನುಷ್ಯರ ಎತ್ತರಕ್ಕಿಳಿಸಿ ಪರದೆಯೊಳಗೆ ಓಣಿಯುದ್ದಕ್ಕೂ ನಡೆದಳು. ಎಡಕ್ಕೂ ಬಲಕ್ಕೂ ಅಡುಗೆಮನೆ ಕಿಟಕಿಗಳೇ ಕಿಟಕಿಗಳು. ಮಧ್ಯಾಹ್ನದ ಬಿಸಿಲು ಹಾಯಿಸಿದರೂ ಮನೆಗಳ ನೆರಳಿನಲ್ಲಿ ಓಣಿ ಕೆಂಪಗಾಗಲಿಲ್ಲ.

"ಇಷ್ಟೊಂದು ಅಡುಗೆಮನೆ ಕಣ್ತಪ್ಪಿಸಿ ಬರೋ ಕಳ್ಳನ್ನ ನಾನೂ ನೋಡ್ಬೇಕು," ಎಂದರು ದೊಡ್ಡಮ್ಮ. ಎಲ್ಲರಿಗಿಂತ ಮೊದಲು ಅವರ ಕೈ ಮೇಲೆದ್ದಿತು, ಬೆನ್ನಲ್ಲೇ ದರ್ಜಿಯದು, ಆಮೇಲೆ ಸಭಾಂಗಣಕ್ಕೆ ಸಭಾಂಗಣವೇ ಕೈಯೆತ್ತಿತು. ತಾನು ಅಳಿಸಿದ್ದ ಸಾಲುಮರಗಳನ್ನು ನಕ್ಷೆಗಾರ್ತಿ ಮಾದರಿಯಲ್ಲಿ ಮತ್ತೆ ನಿಲ್ಲಿಸಿದಳು.

ಓಣಿ ತೆರೆಯುವ ದಿನ ಮೇಲಧಿಕಾರಿ ಇಸ್ತ್ರಿ ಅಂಗಿ ತೊಟ್ಟು, ಕತ್ತರಿ ಹಿಡಿದು ಬಂದರು. ಶಾಲೆಯ ಗಂಟೆ ಹೊಡೆದದ್ದೇ ಮಕ್ಕಳು ಹೋ ಎಂದು ನುಗ್ಗಿ, ಅಡ್ಡ ಕಟ್ಟಿದ್ದ ರಿಬ್ಬನ್ನನ್ನು ಕೊರಳಿಗೆ ಸುತ್ತಿಕೊಂಡೇ ಬಸ್ ನಿಲ್ದಾಣದತ್ತ ಓಡಿಬಿಟ್ಟರು.

"ಇನ್ನೊಂದು ಕಟ್ಟಲಾ ಸಾರ್? ಅಂಗಡೀಲಿ ಸುರುಳಿಗಟ್ಟಲೆ ಇದೆ," ಎಂದ ದರ್ಜಿ.

ಮೇಲಧಿಕಾರಿ ಕತ್ತರಿಯನ್ನು ಜೇಬಿಗಿಳಿಸಿದರು. ದೊಡ್ಡಮ್ಮ ನಕ್ಷೆಗಾರ್ತಿಯ ಕೈ ಹಿಡಿದೆಳೆದರು: "ಬಾರೇ, ಪರದೆ ಮೇಲೆ ನಡೆದದ್ದು ಸಾಕು."